ಮೂಗಿನ ಕೆಲಸ

"ಇದು ಮೂಗ ಐತೋ, ಗೋಡಿ ತೂತ ಐತೋ?"

ಸಾವಕಾರ ಗುರುಪುತ್ರಪ್ಪ ಹಾಗೆ ಕೇಳಿ, ಕೈಯಲ್ಲಿದ್ದ ಚಪ್ಪಲಿಯಿಂದ ಇಮಾಮಬೀಯ ಮೂಗಿಗೆ ತಿವಿದ. ಹೊಸ ಚಪ್ಪಲಿ, ಬೆಳಿಗ್ಗೆಯಷ್ಟೇ ಅಚ್ಚಿನಿಂದ ಇಳಿದದ್ದು. ತಿವಿದ ಏಟಿಗೆ ಅದರ ಅಟ್ಟೆ ಎರಡು ಪದರಾಗಿ ಬಿಚ್ಚಿಕೊಂಡಿತು.

"ನೋಡ, ಕಣ್ಣರೆ ಅದಾವಿಲ್ಲೊ? ಚಪಾತಿ ಪದರ ಬಿಚ್ಚಿಧಂಗ ಬಿಚ್ಚಾಕತ್ತೈತಿ. ಒಂದ ದಿನದ ಮಾಲೆಲ್ಲಾ ಹಿಂಗ ಆಗೈತಿ. ಯಾವ ರಂಡಿ ಮೇಣಾ ತಂದು ಖಾರದಾಗ ಹಾಕ್ಯಾಳ? ಬೊಗಳ್ರಿ."

ನಾವು ಮೂವರು ತಲೆ ತಗ್ಗಿಸಿ ಕೂತಿದ್ದೆವು. ಅಕ್ಕವ್ವ, ಇಮಾಮಬೀ, ನಾನು. ಮೂವರ ಮುಂದೆಯೂ ಒಂದೊಂದು ಚಿಮಣಿ ಉರಿಯುತ್ತಿತ್ತು. ಇಮಾಮಬೀ ಸೆರಗಿನಿಂದ ಮೂಗು ಒರೆಸಿಕೊಂಡು ಸೆರಗನ್ನು ನೋಡಿದಳು, ರಕ್ತವೇನಾದರೂ ಬಂತೇನೋ ಎಂದು. ಬಂದಿರಲಿಲ್ಲ. ತಪ್ಪು ಯಾರದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆಳಗಾವಿಯ ಹೊರಗೆ, ಮಚ್ಛೆಯ ಕಾರ್ಖಾನೆಗಳ ಸಾಲಿನಲ್ಲಿ ಕೊನೆಯ ತಗಡಿನ ಶೆಡ್ಡು ನಮ್ಮದು. ನಮ್ಮದು ಅಂದರೆ ಸಾವಕಾರನದು. ಏಳು ವರ್ಷ ಹೊಗೆ ಕುಡಿದ ಮೇಲೆ ಬಾಯಿಗೆ ಹಾಗೆ ಬರುತ್ತದೆ. ಹರಿದ ಚಪ್ಪಲಿ, ವಾಯರಿನ ಸಿಪ್ಪೆ, ಒಡೆದ ಪೈಪು, ತೂತು ಬಿದ್ದ ರೇನಕೋಟು, ಶ್ರೀಮಂತರ ಮನೆಯ ಮೇಜಿನ ಹಾಸು, ಹೀಗೆ ಬೆಳಗಾವಿಯ ಮಂದಿ ಎಸೆದ ಪ್ಲಾಸ್ಟಿಕ್ಕೆಲ್ಲ ಗುಜರಿ ಅಂಗಡಿಗಳಿಂದ ಚೀಲಗಟ್ಟಲೆ ಇಲ್ಲಿಗೆ ಬರುತ್ತಿತ್ತು. ಅದನ್ನು ಆರಿಸಿ, ತೊಳೆದು, ಗಿರಣಿಯಲ್ಲಿ ಪುಡಿ ಮಾಡಿ, ಕಾಯಿಸಿ, ಅಚ್ಚಿಗೆ ಹಾಕಿದರೆ ಮತ್ತೆ ಚಪ್ಪಲಿ. ಮಠದ ಸಭೆಯಲ್ಲಿ ಸಾವಕಾರನಿಗೆ ಶಾಲು ಹೊದಿಸಿ, ಕಸದಿಂದ ರಸ ತೆಗೆಯುವ ಕಾಯಕಜೀವಿ ಎಂದು ಹೊಗಳಿದ್ದರಂತೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಜಾತಿಯ ಮನುಷ್ಯ.

ಆರಿಸುವುದೆಂದರೆ ಕಣ್ಣಿನ ಕೆಲಸ ಅಂದುಕೊಳ್ಳಬೇಡಿ. ಕಣ್ಣಿಗೆ ಎಲ್ಲ ಒಂದೇ, ಕರಿ ತುಂಡು, ಕೆಂಪು ತುಂಡು. ಅದು ಮೂಗಿನ ಕೆಲಸ. ತುಂಡಿನ ಮೂಲೆಯನ್ನು ಚಿಮಣಿಗೆ ಹಿಡಿಯಬೇಕು, ಹತ್ತಿದ ಕೂಡಲೇ ಊದಿ ಆರಿಸಬೇಕು, ಏಳುವ ಹೊಗೆಯನ್ನು ಮೂಸಬೇಕು. ಮೇಣಬತ್ತಿ ಆರಿದ ವಾಸನೆ ಬಂದರೆ ಆ ಪ್ಲಾಸ್ಟಿಕ್ಕಿಗೆ ನಾವಿಟ್ಟ ಹೆಸರು ಮೇಣ. ಕೂದಲು ಸುಟ್ಟ ವಾಸನೆ ಬಂದರೆ ಕೂದಲು. ಮೂಗಿನ ಒಳಗೋಡೆಗೆ ಹಸಿಮೆಣಸಿನಕಾಯಿ ತಿಕ್ಕಿದಂತಾಗಿ ಕಣ್ಣಲ್ಲಿ ನೀರು ಬಂದರೆ ಅದು ಖಾರ. ಸಾಹೇಬರು ಅದಕ್ಕೆ ಪಿವಿಸಿ ಅನ್ನುತ್ತಾರೆ. ಸಾವಕಾರನಿಗೆ ಬೇಕಾದದ್ದು ಖಾರ ಒಂದೇ. ಅದರಲ್ಲಿ ಮೇಣ ಸೇರಿತೋ, ಚಪ್ಪಲಿ ಬಿಚ್ಚಿಕೊಳ್ಳುತ್ತದೆ.

ಬೇರೆ ಮಂದಿ ಆ ಹೊಗೆ ಕಂಡರೆ ಮೂಗು ಮುಚ್ಚಿಕೊಂಡು ದಾಟುತ್ತಾರೆ. ನಾವು ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮೂಗು ಚಾಚಿ ಅದನ್ನು ಒಳಗೆ ಎಳೆದುಕೊಳ್ಳುತ್ತಿದ್ದೆವು. ಅದರ ಮೇಲೆ ನಮಗೆ ಜಂಬ ಬೇರೆ ಇತ್ತು. ತೊಟ್ಟಿಯ ಹತ್ತಿರ ತೊಳೆಯುವ ಎಂಟು ಹೆಂಗಸರಿಗೆ ನೆರಳಿಲ್ಲ, ಕೂಡಲು ಮಣೆಯಿಲ್ಲ. ನಾವು ಮೂಗಿನವರು, ನೆರಳಿನಲ್ಲಿ ಮಣೆಯ ಮೇಲೆ ಕೂಡುವವರು. ಈಗ ನೆನೆದರೆ ನನ್ನ ಜಂಬಕ್ಕೆ ನಾನೇ ಉಗಿಯಬೇಕು ಅನಿಸುತ್ತದೆ.

ಇಮಾಮಬೀಯ ಮೂಗು ಹೋಗಿ ಒಂದು ವರ್ಷವಾಗಿತ್ತು. ಮನೆಯಲ್ಲಿ ಅನ್ನ ಸೀದು ಕರಕಲಾಗುತ್ತಿದ್ದರೂ ಅವಳು ಒಲೆಯ ಮುಂದೆಯೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳಂತೆ. ಮೂಲೆಯಲ್ಲಿ ಕೂತ ಗಂಡ ಕೂಗಿ ಹೇಳಿದ ಮೇಲೆ ಗೊತ್ತಾಯಿತಂತೆ. ಮರುದಿನ ನಮ್ಮೂರು ದೇಸೂರಿನಿಂದ ಇಬ್ಬರೂ ನಡೆದು ಬರುವಾಗ ನನಗೊಬ್ಬಳಿಗೇ ಹೇಳಿದಳು.

"ಮಲ್ಲಿಗಿ ಹೂವಿಂದೂ ಬರವಲ್ದು, ಸಂಡಾಸದ್ದೂ ಬರವಲ್ದು ಚಂದ್ರಿ. ಒಂದ ನಮೂನಿ ಚಲೋನ ಆತು," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಕೈ ಹಿಡಿದಳು. "ಸಾವ್ಕಾರಗ ತಿಳೀತಂದ್ರ ನನ್ನ ಖಾನಾಪುರಕ್ಕ ಹಾಕ್ತಾನ. ಅಲ್ಲಿಗೆ ನಾ ಹೋಗಂಗಿಲ್ಲ. ಸತ್ತರೂ ಹೋಗಂಗಿಲ್ಲ."

ಖಾನಾಪುರ ಅಂದರೆ ಊರಲ್ಲ. ಊರು ದಾಟಿ, ಲೋಂಡಾ ಕಡೆಗೆ ಹೋಗುವ ರಸ್ತೆಯಿಂದ ಒಳಕ್ಕೆ, ಕಾಡಿನ ಅಂಚಿನಲ್ಲಿ ಒಂದು ಪಾಳುಬಿದ್ದ ಹಂಚಿನ ಭಟ್ಟಿ ಇತ್ತು. ಅದನ್ನು ಸಾವಕಾರ ಹಿಡಿದಿದ್ದ. ಹಳೆಯ ವಾಯರು, ಕೇಬಲ್ಲುಗಳನ್ನು ಅಲ್ಲಿ ರಾಶಿ ಹಾಕಿ ಸುಟ್ಟರೆ ಮೇಲಿನ ಸಿಪ್ಪೆ ಉರಿದು ತಾಮ್ರ ಉಳಿಯುತ್ತದೆ. ಮೊದಲು ಅದನ್ನು ಮಚ್ಛೆಯಲ್ಲೇ, ನಮ್ಮ ಶೆಡ್ಡಿನ ಹಿಂದೆಯೇ ಸುಡುತ್ತಿದ್ದರು. ಭೋಪಾಲದಲ್ಲಿ ವಿಷಗಾಳಿಗೆ ಮಂದಿ ಸತ್ತ ಮೇಲೆ ಸರ್ಕಾರಕ್ಕೆ ಒಮ್ಮೆಲೇ ಮೂಗು ಬಂತು. ಒಬ್ಬ ಸಾಹೇಬರು ಜೀಪಿನಲ್ಲಿ ಬಂದು, ಇಲ್ಲಿ ಸುಡಕೂಡದು ಎಂದು ಬರೆದು ಹೋದರು. ಸಾವಕಾರ ಕೈಮುಗಿದು ಒಪ್ಪಿಕೊಂಡ. ಆ ವಾರವೇ ಬೆಂಕಿ ಖಾನಾಪುರಕ್ಕೆ ಹೋಯಿತು. ಬೆಳಗಾವಿಯ ಗಾಳಿ ಚೊಕ್ಕವಾಯಿತೆಂದು ಸಾಹೇಬರು ಹಿಗ್ಗಿರಬೇಕು.

ಆ ಬೆಂಕಿಯ ಜೊತೆ ಇಮಾಮಬೀಯ ಗಂಡ ಕಾಸಿಮಸಾಬನೂ ಹೋದ. ಆಳು ಅಂದರೆ ಆಳು, ಎರಡು ಚೀಲ ಹೆಗಲಿಗೇರಿಸಿಕೊಂಡು ಓಡುತ್ತಿದ್ದ. ಒಂದೂವರೆ ವರ್ಷಕ್ಕೆ ತಿರುಗಿ ಬಂದಾಗ ಅವನನ್ನು ದೇಸೂರ ಸ್ಟೇಷನ್ನಿನಿಂದ ಮನೆಯವರೆಗೆ ನಾನೂ ಇಮಾಮಬೀಯೂ ಎರಡೂ ತೋಳು ಹಿಡಿದು ನಡೆಸಿಕೊಂಡು ಬಂದೆವು. ಅಷ್ಟು ದಾರಿಗೆ ಆರು ಸಲ ಕೂತ. ಈಗ ಅವನಿಗೆ ಮಲಗಲು ಆಗುವುದಿಲ್ಲ, ಮಲಗಿದರೆ ಉಸಿರು ನಿಲ್ಲುತ್ತದೆ. ಗೋಡೆಗೆ ಆತು ಕೂತೇ ಇರುತ್ತಾನೆ. ಅವನ ಬಾಯಿಗೆ ಗಂಜಿ ಹಾಕಬೇಕಾದವಳು ಇಮಾಮಬೀ. ಅವಳೂ ಭಟ್ಟಿಗೆ ಹೋಗಿ ಹಾಗೇ ಆದರೆ ಅವಳಿಗೆ ಹಾಕುವವರು ಯಾರು?

ಅದಕ್ಕೇ ನಾವು ಒಂದು ಯುಕ್ತಿ ಮಾಡಿಕೊಂಡೆವು. ಅವಳ ಮಣೆಗೆ ನನ್ನ ಮಣೆ ತಾಗಿಸಿ ಕೂಡುತ್ತಿದ್ದೆ. ಅವಳು ತುಂಡು ಸುಟ್ಟು ಊದಿ, ಮೂಸಿದಂತೆ ಮಾಡುವಳು. ಹೊಗೆ ನನ್ನ ಕಡೆಗೂ ಬರುತ್ತಿತ್ತಲ್ಲ. ನಾನು ಸೀರೆಯ ಮರೆಯಲ್ಲಿ ಮೊಣಕಾಲಿನಿಂದ ಅವಳ ಮೊಣಕಾಲು ಒತ್ತುತ್ತಿದ್ದೆ. ಒಂದು ಸಲ ಒತ್ತಿದರೆ ಖಾರ, ಎರಡು ಸಲ ಮೇಣ, ಉದ್ದಕ್ಕೆ ಒತ್ತಿ ಹಿಡಿದರೆ ಕೂದಲು. ಒಂದು ವರ್ಷ ಒಂದೇ ಮೂಗಿನಲ್ಲಿ ಇಬ್ಬರು ದುಡಿದೆವು. ಸಂಜೆ ನನ್ನ ತಲೆ ಸಿಡಿಯುತ್ತಿತ್ತು, ಎರಡಾಳಿನ ಹೊಗೆ ಒಬ್ಬಳೇ ಕುಡಿದರೆ ಇನ್ನೇನಾದೀತು.

ಆ ವಾರ ಮಗಳ ಶಾಲೆಗೆ ಜಾತಿ ಸರ್ಟಿಫಿಕೇಟು ಬೇಕೆಂದು ನಾನು ಬೆಳಗಾವಿಯ ಕಚೇರಿಗೆ ಹೋಗಿದ್ದೆ. ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಕಾರಕೂನ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, "ನಾಳಿ ಬಾ" ಅಂದ. ಎರಡು ದಿನವಾಯಿತು. ಆ ಎರಡು ದಿನ ಇಮಾಮಬೀ ಒಬ್ಬಳೇ ಕೂತಳು.

ಅವಳು ಮೂರ್ಖಳಲ್ಲ. ನೀರಿಗೆ ಹಾಕಿದರೆ ಮೇಣ ತೇಲುತ್ತದೆ, ಖಾರ ಮುಳುಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸೀರೆಯ ಮರೆಯಲ್ಲಿ ಒಂದು ಡಬ್ಬಿ ನೀರಿಟ್ಟುಕೊಂಡು, ಯಾರೂ ನೋಡದಾಗ ತುಂಡು ಅದ್ದಿ ನೋಡಿದಳು. ಆದರೆ ಅಂದು ಬಂದದ್ದು ಯಾವುದೋ ತೋಟದಿಂದ ಕಿತ್ತ ಕರಿ ಪೈಪಿನ ತುಂಡುಗಳು. ಮೇಣವೇ. ಒಳಗೆ ವರ್ಷಗಟ್ಟಲೆಯ ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಮಣ್ಣಿನ ಭಾರಕ್ಕೆ ಎಲ್ಲ ಮುಳುಗಿದವು. ಮುಳುಗಿದ್ದನ್ನೆಲ್ಲ ಅವಳು ಖಾರದ ರಾಶಿಗೆ ಎಸೆದಳು. ತೊಳೆಯುವವರು ಮಣ್ಣು ತೆಗೆದು ಗಿರಣಿಗೆ ಕೊಟ್ಟರು. ನಾನು ಕೂತಿದ್ದರೆ ಒಂದೂ ತುಂಡು ಆ ಕಡೆಗೆ ಹೋಗುತ್ತಿರಲಿಲ್ಲ.

"ಯಾರೂ ಬೊಗಳಂಗಿಲ್ಲ ಹೌದಿಲ್ಲೊ?" ಸಾವಕಾರ ಮೇಸ್ತ್ರಿಯತ್ತ ತಿರುಗಿದ. "ಬಾಳಪ್ಪಾ, ಟಾವೆಲ್ ತಾ. ಮೂರೂ ಮಂದಿ ಮೂಗ ಪರೀಕ್ಷೆ ಮಾಡೂಣು."

ಗಿರಣಿ ನಿಂತಿತು. ಗಂಡಾಳುಗಳು ಬಂದು ಸುತ್ತ ನಿಂತರು, ತೊಟ್ಟಿಯ ಹೆಂಗಸರು ಕೈ ಒರೆಸಿಕೊಳ್ಳುತ್ತ ಬಂದರು. ಬಾಳಪ್ಪ ತನ್ನ ಬೆವರಿನ ಟಾವೆಲ್ಲಿನಿಂದ ಮೊದಲು ಅಕ್ಕವ್ವನ ಕಣ್ಣು ಕಟ್ಟಿ, ಮೂರು ತುಂಡು ಸುಟ್ಟು ಹಿಡಿದ. ಅಕ್ಕವ್ವ ಮೂರನ್ನೂ ಸರಿಯಾಗಿ ಹೇಳಿದಳು. ಆಮೇಲೆ ನಾನು. ನಾನೂ ಹೇಳಿದೆ.

ಇಮಾಮಬೀಯನ್ನು ಕೂಡಿಸುವ ಮೊದಲು ಬಾಳಪ್ಪ ನನ್ನ ಮಣೆಯನ್ನು ಕಾಲಿನಿಂದ ದೂರ ತಳ್ಳಿದ. ಅವನಿಗೆ ಗೊತ್ತಿತ್ತೋ, ಸುಮ್ಮನೆ ತಳ್ಳಿದನೋ ತಿಳಿಯದು. ಮೊಣಕಾಲು ಮುಟ್ಟುವ ಮಾತೇ ಇರಲಿಲ್ಲ. ಅವನು ಮೊದಲ ತುಂಡು ಸುಟ್ಟ. ಖಾರ. ನಾನು ಒಂದು ಸಲ ಕೆಮ್ಮಿದೆ.

"ಖಾರ ರೀ," ಅಂದಳು ಇಮಾಮಬೀ.

ಎರಡನೆಯದು ಮೇಣ. ಎರಡು ಸಲ ಕೆಮ್ಮಿದೆ.

"ಮೇಣ ರೀ."

ಸಾವಕಾರ ನನ್ನತ್ತ ನೋಡಿದ. ಹಣೆಯ ವಿಭೂತಿಯ ಕೆಳಗೆ ಅವನ ಕಣ್ಣು ಸಣ್ಣಗಾದವು. "ಚಂದ್ರವ್ವಗ ಕೆಮ್ಮ ಭಾಳ ಬಂದಾವಲ್ಲೊ ಬಾಳಪ್ಪಾ. ಇನ್ನೊಮ್ಮಿ ಕೆಮ್ಮಿದ್ಲಂದ್ರ ಆಕಿನ್ನೂ ಖಾನಾಪುರಕ್ಕ ಕಳಿಸಿಬಿಡು. ಕಾಡಿನ ಹವಾಕ್ಕ ನೆಟ್ಟಗಾಗ್ತಾಳ."

ಮೂರನೆಯ ಸಲ ಸಾವಕಾರ ತುಂಡು ಸುಡಿಸಲಿಲ್ಲ. ತನ್ನ ಕಾಲಿನ ಚಪ್ಪಲಿ ಕಳಚಿ, ಬೆವರು ಕುಡಿದು ಕಪ್ಪಾದ ಚರ್ಮದ ಚಪ್ಪಲಿ, ಅದನ್ನು ಇಮಾಮಬೀಯ ಮೂಗಿನ ಕೆಳಗೆ ಹಿಡಿದ.

"ಇದೇನ, ಹೇಳು."

ಅವಳು ಮೂಗು ಮುಂದೆ ಚಾಚಿದಳು. ಕಟ್ಟಿದ ಕಣ್ಣಿನ ಮುಖವನ್ನು ಸ್ವಲ್ಪ ನನ್ನ ಕಡೆಗೆ ಹೊರಳಿಸಿ ಕಾದಳು. ನನ್ನ ಕೆಮ್ಮಿಗೆ ಕಾಯುತ್ತಿದ್ದಳು. ಚಪ್ಪಲಿಗೆ ಎಷ್ಟು ಕೆಮ್ಮು ಎಂದು ನಾವು ಮಾತಾಡಿಕೊಂಡಿರಲಿಲ್ಲ, ಖರೆ. ಆದರೂ ಏನಾದರೂ ಮಾಡಬಹುದಿತ್ತು, ಬೇಡಕ್ಕಾ ಎಂದು ಕೂಗಬಹುದಿತ್ತು. ಮಾಡಲಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವಳು, ದವಡೆ ಗಟ್ಟಿ ಕಚ್ಚಿಕೊಂಡು ಕೂತೆ. ನನಗೆ ಖಾನಾಪುರದ ಭಯ. ಅದರ ನಾಚಿಕೆ ನನಗೆ ಇಂದಿಗೂ ಹೋಗಿಲ್ಲ.

"ಖಾರ ರೀ," ಅಂದಳು.

ಬಾಳಪ್ಪ ಹೊಟ್ಟೆ ಹಿಡಿದು ನಕ್ಕ. ಗಂಡಾಳುಗಳಲ್ಲಿ ಇಬ್ಬರು ನಕ್ಕರು. ಗಿರಣಿ ನಡೆಸುವ ಸರದಾರಸಾಬ ಮಾತ್ರ ನೆಲ ನೋಡುತ್ತ ನಿಂತಿದ್ದ. ಸಾವಕಾರ ನಗಲಿಲ್ಲ. ಚಪ್ಪಲಿಯನ್ನು ಅವಳ ಮುಂದೆಯೇ ಕೆಳಗೆ ಹಾಕಿ ಕಾಲಿಗೆ ಮೆಟ್ಟಿಕೊಂಡ.

"ಸೋಮವಾರ ಟೆಂಪೋ ಖಾನಾಪುರಕ್ಕ ಹೊಕ್ಕೈತಿ. ಅದರಾಗ ಕುಂತು ಹೋಗು. ಭಟ್ಟಿ ಕೆಲಸಕ್ಕ ಮೂಗ ಬೇಕಾಗಿಲ್ಲ."

ಇಮಾಮಬೀ ಕಣ್ಣಿನ ಬಟ್ಟೆ ತೆಗೆದು ಅವನ ಕಾಲು ಹಿಡಿದಳು. "ಯಪ್ಪಾ, ಮನ್ಯಾಗ ಗಂಡ ಕುಂತಲ್ಲೆ ಕುಂತಾನ್ರಿ. ತೊಳೀಲಿಕ್ಕೆ ಹಾಕ್ರಿ, ಸಂಡಾಸ ಬಳೀಲಿಕ್ಕೆ ಹಾಕ್ರಿ. ಅಲ್ಲಿಗೆ ಬ್ಯಾಡ್ರಿ. ಹೆಣ್ಮಗಳನ್ನ ಅಲ್ಲಿಗೆ ಹಾಕಿದ್ರ ಸರ್ಕಾರದವ್ರು ಕೇಳಂಗಿಲ್ಲೇನ್ರಿ?"

ಸರ್ಕಾರದ ಹೆಸರು ಕೇಳಿ ಅವನಿಗೆ ಈಗ ನಗು ಬಂತು. "ಯಾವ ಹೆಣ್ಮಗಳು? ನನ್ನ ಕಾಗದದಾಗ ಒಂಬತ್ತ ಮಂದಿ ಗಂಡಸರ ಅದಾರ. ನೀ ಇಲ್ಲೇ ಇಲ್ಲ. ಇಲ್ಲದಾಕಿನ್ನ ಎಲ್ಲಿಗೆ ಕಳಿಸಿದ್ರ ಯಾವನ ಕೇಳ್ತಾನ?"

ಅದೂ ನಿಜವೇ. ಹತ್ತು ಆಳಾದರೆ ಶೆಡ್ಡು ಕಾನೂನಿನೊಳಗೆ ಬೀಳುತ್ತದಂತೆ. ಹೊಗೆ ಎಳೆಯುವ ಪಂಖಾ ಹಾಕಬೇಕು, ಮುಖಕ್ಕೆ ಕಟ್ಟಲು ಬಟ್ಟೆ ಕೊಡಬೇಕು, ಕಾಯಿಲೆ ಬಿದ್ದರೆ ದವಾಖಾನೆಗೆ ಚೀಟಿ ಕೊಡಬೇಕು. ಸರದಾರಸಾಬ ಎಲ್ಲೋ ಕೇಳಿಕೊಂಡು ಬಂದು ಹೇಳಿದ್ದ. ಅದಕ್ಕೇ ಗಂಡಸರು ಒಂಬತ್ತು ಮಂದಿಯನ್ನು ಬರೆದು, ಹನ್ನೊಂದು ಹೆಂಗಸರನ್ನು ಬರೆಯದೇ ಬಿಟ್ಟಿದ್ದ. ಸಾಹೇಬರ ಜೀಪು ತಿರುವಿನಲ್ಲಿ ಕಂಡರೆ ಬಾಳಪ್ಪ ನೇತುಹಾಕಿದ ಕಬ್ಬಿಣದ ಹಳಿಗೆ ಎರಡು ಏಟು ಹಾಕುತ್ತಿದ್ದ. ನಾವು ಹನ್ನೊಂದೂ ಮಂದಿ ಎದ್ದು ಹಿಂದಿನ ಗೋದಾಮಿಗೆ ಓಡಬೇಕು. ಹೊರಗಿನಿಂದ ಬೀಗ. ಸಾಹೇಬರು ಚಹಾ ಕುಡಿದು ಹೋದ ಮೇಲೆ ಬೀಗ ತೆಗೆಯುವರು. ಭೋಪಾಲದ ತರುವಾಯ ಹಾಗೆ ಮೂರು ಸಲ ಆಗಿತ್ತು. ಮೂರನೆಯ ಸಲ ತೊಳೆಯುವ ಬಸವಣ್ಣೆವ್ವ ಒಳಗೆ ಸೆಕೆಗೆ ಬವಳಿ ಬಂದು ಬಿದ್ದಳು. ನಾವೆಲ್ಲ ಕೂಗಿದೆವು. ಬಾಳಪ್ಪ ಹೊರಗೆ ಗಿರಣಿ ಚಾಲೂ ಮಾಡಿಬಿಟ್ಟ. ಪ್ಲಾಸ್ಟಿಕ್ಕು ಹರಿಯುವ ಆ ಗಿರಣಿಯ ಸದ್ದಿನಲ್ಲಿ ನಮ್ಮ ಕೂಗು ನಮಗೇ ಕೇಳಲಿಲ್ಲ.

ಶನಿವಾರ ಊಟದ ಹೊತ್ತಿಗೆ ಹಳಿಗೆ ಎರಡು ಏಟು ಬಿದ್ದವು.

ರೊಟ್ಟಿಯ ಗಂಟು ಬಿಚ್ಚಿದವರು ಹಾಗೇ ಸುತ್ತಿಕೊಂಡು ಓಡಿದೆವು. ಇಮಾಮಬೀಯೂ ಬಂದಳು. ಪರೀಕ್ಷೆಯಾದ ಮೇಲೆ ಅವಳು ನನ್ನ ಜೊತೆ ಮಾತಾಡಿರಲಿಲ್ಲ. ದಾರಿಯಲ್ಲಿ ಜೊತೆಗೇ ನಡೆದು ಬರುವಳು, ಮಾತಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ನನಗೆ.

ಗೋದಾಮಿನ ತುಂಬ ಬಿಚ್ಚದ ಚೀಲಗಳು. ತಗಡಿನ ಬಾಗಿಲು. ಅಂಗಳದ ಕಡೆಯ ಗೋಡೆಯಲ್ಲಿ, ಎರಡಾಳೆತ್ತರದಲ್ಲಿ, ಸರಳು ಹಾಕಿದ ಒಂದು ಗವಾಕ್ಷಿ. ಚೈತ್ರದ ಬಿಸಿಲಿಗೆ ಮೇಲಿನ ತಗಡು ಟಣ್ ಟಣ್ ಅನ್ನುತ್ತಿತ್ತು. ಬೀಗ ಬಿತ್ತು. ಸ್ವಲ್ಪ ಹೊತ್ತಿಗೆ ಗವಾಕ್ಷಿಯ ಕೆಳಗೇ ಮಾತು ಕೇಳಿಸಿತು. ಅಲ್ಲೇ ನೆರಳಿನಲ್ಲಿ ಸಾಹೇಬರಿಗೆ ಕುರ್ಚಿ ಹಾಕಿದ್ದರು. ಮೈಸೂರು ಕಡೆಯ ದನಿ, ಇನ್ನೂ ಎಳೆಯದು.

"ಎಷ್ಟು ಜನ ಕೆಲಸಕ್ಕಿದ್ದಾರೆ?"

"ಒಂಬತ್ತ ಮಂದಿ ರೀ ಸಾಹೇಬ್ರ. ಎಲ್ಲಾ ಗಂಡಸರ. ನಮ್ಮ ಮನಿ ಮಕ್ಕಳಿದ್ಧಂಗ."

"ಇಷ್ಟೊಂದು ಮಾಲು ಬರುತ್ತಲ್ಲ, ಯಾರು ಆರಿಸ್ತಾರೆ?"

"ಮಶೀನ್ ಆರಸ್ತೈತ್ರಿ."

ಒಳಗೆ ಬಸವಣ್ಣೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಂಥ ಹೊತ್ತಿನಲ್ಲೂ ನಗು ಬರುತ್ತದೆ ನೋಡಿ. ಅಕ್ಕವ್ವ ನನ್ನ ಮೂಗು ಮುಟ್ಟಿ, "ಮಶೀನ್," ಎಂದು ಪಿಸುಗುಟ್ಟಿದಳು.

"ಊರ ಹೊಲಸ ನಾವ ನುಂಗಿ, ಅದನ್ನ ತಿರಗಿ ಊರ ಕಾಲಿಗೆ ಹಾಕ್ತೀವ್ರಿ," ಅನ್ನುತ್ತಿದ್ದ ಸಾವಕಾರ. "ಇದಕ್ಕಿಂತಾ ಪುಣ್ಯೇದ ಕೆಲಸ ಯಾವುದೈತಿ ಹೇಳ್ರಿ."

"ಅದು ಸರಿ. ಹಳೆಯದು ಮತ್ತೆ ಬಳಕೆಗೆ ಬರಬೇಕು ಅಂತ ಸರ್ಕಾರವೂ ಹೇಳ್ತಿದೆ. ವಾಯರ್ ಸುಡೋದು?"

"ನಿಮ್ಮ ಮ್ಯಾಲಿನ ಸಾಹೇಬ್ರು ಹೇಳಿದ ದಿನದಿಂದ ಇಲ್ಲಿ ಬಂದ್ ರೀ. ಖಾನಾಪುರದ ಆಚಿಗೆ ಒಯ್ತೀವ್ರಿ. ಅಲ್ಲಿ ಯಾರೂ ಇಲ್ರಿ, ಬರೇ ಕಾಡು."

"ಇಲ್ಲಿ ಸುಡ್ತಾ ಇಲ್ಲ ಅಂತ ಬರೀತೀನಿ. ನನ್ನ ಫೈಲಿಗೆ ಅಷ್ಟು ಸಾಕು."

ಇಮಾಮಬೀ ಚೀಲಕ್ಕೆ ಒರಗಿದ್ದವಳು ನೆಟ್ಟಗೆ ಕೂತಳು. ಪರೀಕ್ಷೆಯಾದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

"ಅಲ್ಲಿ ಯಾರೂ ಇಲ್ಲಂತ ಚಂದ್ರಿ. ಮತ್ತ ನನ್ನ ಗಂಡ ಒಂದೂವರಿ ವರ್ಷ ಎಲ್ಲಿದ್ದ?"

ಅಷ್ಟರಲ್ಲಿ ಬಸವಣ್ಣೆವ್ವನಿಗೆ ತಡೆಯಲಾರದೆ ಕೆಮ್ಮು ಬಂತು, ಜೋರಾಗಿ. ಹೊರಗೆ ಮಾತು ನಿಂತಿತು. ಮರುಕ್ಷಣವೇ ಗಿರಣಿ ಗರ್ರೆಂದು ಚಾಲೂ ಆಯಿತು. ಇನ್ನು ಕೂಗಿದರೂ ಒಂದೇ, ಬಿಟ್ಟರೂ ಒಂದೇ.

ಇಮಾಮಬೀ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದಳು. "ನಿನ್ನ ಚಿಮಣಿ ಕಡ್ಡಿಪೆಟಗಿ ಕೊಡು."

"ಯಾಕ?"

"ನಮ್ಮ ದನಿ ಮುಚ್ಚಾಕ ಅವನ ಹತ್ರ ಗಿರಣಿ ಐತಿ. ವಾಸನಿ ಮುಚ್ಚಾಕ ಏನೈತಿ?"

ಅವಳು ಆಗಲೇ ಒಂದು ಚೀಲದ ಬಾಯಿ ಹರಿದಿದ್ದಳು. ಕೇಬಲ್ಲಿನ ಸುರುಳಿಗಳು, ಸೋಮವಾರ ಅವಳ ಜೊತೆ ಖಾನಾಪುರಕ್ಕೆ ಹೋಗಬೇಕಾದವು. ಖಾರದ ಮಾಲು ತಾನಾಗಿ ಉರಿಯುವುದಿಲ್ಲ, ಬೆಂಕಿ ತೆಗೆದರೆ ಆರಿಬಿಡುತ್ತದೆ. ಅದು ಅವಳಿಗೆ ಹೇಳಿಕೊಡಬೇಕೇ? ಕಬ್ಬಿಣದ ಬುಟ್ಟಿಯಲ್ಲಿ ಕೆಳಗೆ ಚಿಂದಿ ಬಟ್ಟೆ, ಅದರ ಮೇಲೆ ಮೇಣದ ತುಂಡುಗಳು, ಅದರ ಮೇಲೆ ಕೇಬಲ್ಲು, ಒಲೆ ಹೂಡಿದಷ್ಟು ನಿಧಾನವಾಗಿ ಹೂಡಿದಳು.

ಅಕ್ಕವ್ವ ಬಂದು ಬುಟ್ಟಿಯನ್ನು ಹಿಡಿದುಕೊಂಡು ನಮ್ಮ ಮುಖಕ್ಕೇ ಕೂಗಿದಳು. "ಹುಚ್ಚ ಹಿಡದೈತೇನ ನಿನಗ? ಬೀಗ ಹಾಕೈತಿ. ಎಲ್ಲಾರೂ ಸಾಯ್ತೀವಿ. ನಂಗ ಐದ ಮಕ್ಕಳ ಅದಾವವ್ವಾ."

"ನೀ ದಿನಾ ಕುಡಿಯೂದು ಇದ ಹೊಗಿ ಅಲ್ಲೇನ?" ಅಂದಳು ಇಮಾಮಬೀ. "ಅವಾಗ ಮಕ್ಕಳ ನೆಪ್ಪಾಗಂಗಿಲ್ಲ?"

"ಅದ ಬ್ಯಾರೆ. ಇದು ಒಮ್ಮೆಲೆ ಕೊಲ್ತೈತಿ."

"ಹೌದು. ಅದು ಸಾವಕಾಶ."

ಅಕ್ಕವ್ವ ಬುಟ್ಟಿ ಬಿಡಲಿಲ್ಲ. ತೊಳೆಯುವ ಹೆಂಗಸರು ಗುಂಪಾಗಿ ನಿಂತು ಇವರಿಬ್ಬರ ಬಾಯಿ ನೋಡುತ್ತಿದ್ದರು. ಅಕ್ಕವ್ವನ ಮಾತಿನಲ್ಲಿ ಸುಳ್ಳಿರಲಿಲ್ಲ. ಒಳಗೆ ನೀರಿಲ್ಲ, ಇರುವ ಗವಾಕ್ಷಿ ಒಂದೇ. ಹೊತ್ತಿಸಿದರೆ ಹೊಗೆ, ಹೊತ್ತಿಸದಿದ್ದರೆ ಸೋಮವಾರ. ಅತ್ತ ದರಿ, ಇತ್ತ ಪುಲಿ. ಇಮಾಮಬೀ ನನ್ನ ಕಡೆ ಕೈ ಚಾಚಿಕೊಂಡೇ ಕೂತಿದ್ದಳು, ಪರೀಕ್ಷೆಯ ದಿನ ಮುಖ ಚಾಚಿ ಕಾದ ಹಾಗೆಯೇ. ಕಡ್ಡಿಪೆಟ್ಟಿಗೆ ಅವಳಿಗೆ ಕೊಡಲಿಲ್ಲ. ನಾನೇ ಗೀರಿದೆ.

"ಸೆರಗ ಬಾಯಿಗೆ ಕಟ್ಟಿಕೊಂಡು ನೆಲಕ್ಕ ಮಕ್ಕೋರಿ," ಎಂದು ಎಲ್ಲರಿಗೂ ಕೈಸನ್ನೆ ಮಾಡಿದೆ. ಅಕ್ಕವ್ವ ನನ್ನ ಬೆನ್ನಿಗೆ ಗುದ್ದಿದಳು, ಎರಡು, ಮೂರು. ಆಮೇಲೆ ಅವಳೂ ಮಲಗಿದಳು.

ಚಿಂದಿ ಹತ್ತಿತು, ಮೇಣ ಕರಗಿ ಹನಿಯಿತು, ಕೇಬಲ್ಲಿನ ಸಿಪ್ಪೆ ಗುಳ್ಳೆ ಎದ್ದು ಸೀಳಿತು. ತಾಮ್ರಕ್ಕೆ ಉರಿ ತಾಗಿದಲ್ಲಿ ಬೆಂಕಿಯ ಅಂಚು ಹಸಿರಾಯಿತು. ಇಮಾಮಬೀ ಬುಟ್ಟಿಯನ್ನು ಚೀಲಗಳ ಮೇಲೆ ಏರಿಸಲು ನೋಡಿದಳು, ನಾನು ಬಿಡಲಿಲ್ಲ, ಚೀಲಕ್ಕೆ ಹತ್ತಿದರೆ ಮುಗಿಯಿತು. ಗವಾಕ್ಷಿಯ ನೇರ ಕೆಳಗೆ ಬರಿನೆಲದ ಮೇಲೆ ಇಟ್ಟೆವು. ಕರಿ ಹೊಗೆ ಮೇಲಕ್ಕೆದ್ದು, ತಗಡಿಗೆ ತಾಗಿ, ಮಡಚಿಕೊಂಡು ಕೆಳಗಿಳಿಯತೊಡಗಿತು. ಅದರಲ್ಲಿ ಒಂದು ಪಾಲು ಸರಳುಗಳ ನಡುವಿನಿಂದ ಹೊರಗೆ ಹೋಯಿತು.

ದಿನಾ ಒಂದು ಚಿಟಿಕೆ ಮೂಸಿದ ಖಾರವೇ, ಆದರೆ ಇದು ಮೂಗಿನಲ್ಲಿ ನಿಲ್ಲಲಿಲ್ಲ, ಎದೆಗೇ ಇಳಿಯಿತು. ಕಣ್ಣು ತೆರೆಯಲಾಗಲಿಲ್ಲ. ಪಕ್ಕದಲ್ಲಿ ಯಾರೋ ವಾಂತಿ ಮಾಡಿಕೊಂಡರು. ಯಾರೋ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ನಮ್ಮನ್ನೆಲ್ಲ ನಾನೇ ಕೊಂದೆ ಅನಿಸಿತು. ಇಮಾಮಬೀ ಮಾತ್ರ ಬುಟ್ಟಿಯ ಹತ್ತಿರವೇ ಕೂತು, ಕಣ್ಣು ಮುಚ್ಚಿ, ಸೆರಗಿನಿಂದ ಹೊಗೆಯನ್ನು ಗವಾಕ್ಷಿಯ ಕಡೆ ಬೀಸುತ್ತಿದ್ದಳು. ವಾಸನೆ ಇಲ್ಲದಿದ್ದರೇನು, ಎದೆ ಇರುತ್ತದಲ್ಲ. ಕೆಮ್ಮಿ ಕೆಮ್ಮಿ ಅವಳ ಬಾಯಿಂದ ಎಳೆ ಎಳೆಯಾಗಿ ನೀರು ಸೋರುತ್ತಿತ್ತು. ಬೀಸುವುದು ನಿಲ್ಲಿಸಲಿಲ್ಲ.

ಗಿರಣಿ ನಿಂತಿತು.

"ಏನಿದು? ಏನ್ ಸುಡ್ತಾ ಇದೀರಿ ಒಳಗೆ?" ಸಾಹೇಬರ ದನಿ ಕಟ್ಟಿತ್ತು, ಕೆಮ್ಮುತ್ತಿದ್ದರು.

"ಕಸಕ್ಕ ಬೆಂಕಿ ಬಿದ್ದಿರಬೇಕ್ರಿ. ಬಿಸಲಿಗೆ ಒಮ್ಮೊಮ್ಮೆ ಹತ್ತತೈತ್ರಿ. ನೀವ ಜೀಪಿನಾಗ ಕುಂದರ್ರಿ, ನಾ ನೋಡ್ತೀನಿ."

"ಒಳಗೆ ಯಾರೂ ಇಲ್ವಾ?"

"ಯಾರೂ ಇಲ್ರಿ. ಬರೇ ಮಾಲು."

ಇಮಾಮಬೀ ಗವಾಕ್ಷಿಯ ಪಕ್ಕದ ಚೀಲಗಳ ಮೇಲೆ ಹತ್ತಿದಳು. ಒಂದರ ಮೇಲೆ ಒಂದು, ತೆವಳಿಕೊಂಡು, ಎರಡು ಸಲ ಜಾರಿ. ಸರಳುಗಳನ್ನು ಹಿಡಿದು ಗವಾಕ್ಷಿಗೆ ಮುಖ ಹಚ್ಚಿದಳು.

"ಇಮಾಮಬೀ," ಎಂದು ಕೂಗಿದಳು. "ಕಾಸಿಮಸಾಬನ ಹೇಣ್ತಿ. ದೇಸೂರ. ಇಲ್ಲಿ ಏಳ ವರ್ಷ ಆತ್ರಿ ಸಾಹೇಬ್ರ. ಬರಕೋರಿ."

ಅಷ್ಟು ಹೇಳಿ ಹೊರಗಿನ ಗಾಳಿಯನ್ನು ಎರಡು ಸಲ ಎಳೆದುಕೊಂಡು ಇಳಿದಳು. ಬಸವಣ್ಣೆವ್ವನನ್ನು ನಾವಿಬ್ಬರು ಕೆಳಗಿನಿಂದ ಎತ್ತಿ ಹತ್ತಿಸಿದೆವು. ಅವಳ ಹೆಸರು ಅರ್ಧ ಕೆಮ್ಮಿನಲ್ಲೇ ಹೋಯಿತು, ಎರಡನೆಯ ಸಲ ಪೂರ್ತಿ ಹೇಳಿದಳು. ಆಮೇಲೆ ಇನ್ನೊಬ್ಬಳು. ಆಮೇಲೆ ನಾನು.

ಗವಾಕ್ಷಿಯಿಂದ ಅಂಗಳ ಕಾಣಿಸಿತು. ಒಂಬತ್ತು ಮಂದಿ ಗಂಡಸರು ಸಾಲಾಗಿ ನಿಂತಿದ್ದರು, ಯಾರೂ ತಲೆ ಎತ್ತಿರಲಿಲ್ಲ. ಸರದಾರಸಾಬ ಸಾಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದ, ಅಲ್ಲಿಗೇ ನಿಂತಿದ್ದ. ಬಾಳಪ್ಪನ ಕೈಯಲ್ಲಿ ಬೀಗದ ಕೈ ಇತ್ತು. ಅವನು ಸಾವಕಾರನ ಮುಖ ನೋಡುತ್ತಿದ್ದ. ಸಾವಕಾರ ಸಾಹೇಬರ ಮುಖ ನೋಡುತ್ತಿದ್ದ. ಸಾಹೇಬರು ಕುರ್ಚಿಯನ್ನು ದೂರ ಎಳೆದುಕೊಂಡು ಕೂತು, ಬಿಳಿ ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ತೆರೆದ ಪೆನ್ನು ಹಿಡಿದು, ತೊಡೆಯ ಮೇಲಿನ ಕಾಗದ ನೋಡುತ್ತಿದ್ದರು.

"ಚಂದ್ರವ್ವ," ಅಂದೆ. ಮತ್ತೆ ಅಂದೆ. "ಚಂದ್ರವ್ವ ಮೈಲಾರಲಿಂಗ ಮಾದರ. ದೇಸೂರ. ಮೂಗಿನ ಕೆಲಸ. ಒಳಗ ಹನ್ನೊಂದ ಮಂದಿ ಅದೀವ್ರಿ. ಇಮಾಮಬೀ ಗಂಡ ಖಾನಾಪುರದಾಗ ಇದ್ದ. ಅಲ್ಲಿ ಇನ್ನೂ ಮಂದಿ ಅದಾರ. ಬರೀರಿ."

ಪೆನ್ನು ಅಲುಗಾಡಲಿಲ್ಲ. ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಕೆಳಗಿನಿಂದ ಯಾರೋ ನನ್ನ ಕಾಲು ಜಗ್ಗಿದರು. ಅಕ್ಕವ್ವ. ಕಣ್ಣು ಕೆಂಡವಾಗಿದ್ದವು, ಗಲ್ಲದ ಮೇಲೆಲ್ಲ ಮಸಿ.

"ಇಳಿ ಲಗೂ," ಅಂದಳು. "ಈಗ ನನ್ನ ಪಾಳಿ."

ನಾನು ಇಳಿದೆ, ಅವಳು ಹತ್ತಿದಳು. ಬಾಗಿಲಿನ ಬೀಗ ಇನ್ನೂ ತೆಗೆದಿರಲಿಲ್ಲ.